ನವಿಲು ಮೇಲಾಗಿ ಹಾಸಿದವಳು

ಆ ದಿನ ಬೆಳಗ್ಗೆ ನನ್ನ ಮಗಳು ಅಮ್ಮು ಹಂಚಿನ ಚೂರನ್ನು ನುಂಗಿದಳೋ ಇಲ್ಲವೋ ಎಂಬುದು ನನಗೆ ಗೊತ್ತಾಗಲೇ ಇಲ್ಲ. ಬಾಯಿ ತೆರೆಸಿ ನೋಡಿದರೆ ನಾಲಿಗೆ ಕೆಂಪಾಗಿತ್ತು. ಬೆರಳು ಹಾಕಿ ತೆಗೆದಾಗ ಸಿಕ್ಕಿದ್ದು ಒಂದು ಚಿಟಿಕೆ ಕೆಂಪು ಪುಡಿ ಮಾತ್ರ. ಉಳಿದದ್ದು ಅಂಗಳಕ್ಕೆ ಬಿತ್ತೋ, ಹೊಟ್ಟೆಗೆ ಹೋಯಿತೋ? ಮೈಸೂರಿನಲ್ಲಿ ನಾನು ಓದಿದ ಶಾಲೆಯ ಆರೋಗ್ಯದ ಪುಸ್ತಕದಲ್ಲಿ ಮಣ್ಣು ತಿನ್ನುವ ಮಗುವಿನ ಹೊಟ್ಟೆಯ ಚಿತ್ರ ಒಂದಿತ್ತು. ಆಗ ನಗುತ್ತಾ ಪುಟ ತಿರುಗಿಸಿದ್ದ ಆ ಚಿತ್ರ ಈಗ ನನ್ನನ್ನು ಬಿಡಲಿಲ್ಲ. ಮಗು ನಕ್ಕರೆ, ನೋವು ಮರೆಮಾಚಲು ನಗುತ್ತಿದೆಯೇ ಎಂದು ಅನುಮಾನ. ಮಲಗಿದರೆ, ಯಾಕೆ ಇಷ್ಟು ಬೇಗ ಮಲಗಿತು ಎಂದು ಭಯ.

ಒಂದು ತಿಂಗಳ ಹಿಂದೆ ಆಗಿದ್ದರೆ ಹಿತ್ತಲ ಬಾಗಿಲು ತೆರೆದು "ಸೀತಕ್ಕಾ" ಎಂದು ಕೂಗಿಬಿಡುತ್ತಿದ್ದೆ. ಸೀತಕ್ಕ ಬೀಡಿ ಕಟ್ಟುವ ಮೊರ ಬದಿಗಿಟ್ಟು ಬರುತ್ತಿದ್ದಳು. ಮಗುವಿನ ಹೊಟ್ಟೆಯ ಮೇಲೆ ಬೆರಳ ಗೆಣ್ಣಿನಿಂದ ಟೊಕ್ ಟೊಕ್ ಎಂದು ಬಡಿದು, ತಲೆ ಓರೆ ಮಾಡಿ ಕಿವಿಗೊಟ್ಟು, "ಎಂತದೂ ಇಲ್ಲ ಅಕ್ಕ. ಹಸಿವು ಉಂಟು, ಅಷ್ಟೇ" ಎನ್ನುತ್ತಿದ್ದಳು. ಹಲಸಿನಹಣ್ಣು, ಮಡಕೆ, ಬಾಗಿಲ ದಾರಂದ, ಕೂಸಿನ ಬೆನ್ನು, ಯಾವುದನ್ನೂ ಅವಳು ಬಡಿದು ನೋಡದೆ ನಂಬುತ್ತಿರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಬಂದ ಅಭ್ಯಾಸ ಅದು. ಸುಟ್ಟ ಹಂಚನ್ನು ಗೆಣ್ಣಿನಿಂದ ಬಡಿದರೆ ಒಳ್ಳೆಯದು ಗಂಟೆಯ ಹಾಗೆ ನುಡಿಯುತ್ತದೆ, ಒಳಗೆ ಬಿರುಕು ಬಿಟ್ಟದ್ದು ಕೆಮ್ಮುತ್ತದೆ.

ಆ ದಿನ ಅವಳನ್ನು ಕೂಗುವ ಹಾಗಿರಲಿಲ್ಲ. ಮರುದಿನ ಪುತ್ತೂರಿನ ಕೋರ್ಟಿನಲ್ಲಿ ನನ್ನ ಗಂಡ ಅವಳಿಗೆ ವಿರುದ್ಧವಾಗಿ ಸಾಕ್ಷಿ ಹೇಳುವವರಿದ್ದರು.

ಕಬಕದ ಜಂಕ್ಷನ್ನಿನಿಂದ ಸ್ವಲ್ಪ ಒಳಗೆ, ಮುಚ್ಚಿಹೋದ ಕಾಮಾಕ್ಷಿ ಹಂಚಿನ ಕಾರ್ಖಾನೆಯ ಪಕ್ಕದಲ್ಲಿ ಒಂದು ಓಣಿ ಇದೆ. ಅದಕ್ಕೆ ಕಾರ್ಖಾನೆ ಸಾಲು ಎಂದು ಹೆಸರು. ಓಣಿಯ ಬಾಯಲ್ಲಿ ಹಿಂದಿನ ಮ್ಯಾನೇಜರನ ಬಂಗ್ಲೆ. ಬಂಗ್ಲೆ ಎಂದರೆ ದೊಡ್ಡದೇನೂ ಅಲ್ಲ, ಮೂರು ಕೋಣೆ, ಒಂದು ಜಗಲಿ. ಅದರಾಚೆ ಕಾರ್ಖಾನೆಯ ಕೆಲಸದವರ ಸಾಲುಮನೆಗಳು. ನನ್ನ ಗಂಡ ಅಚ್ಚುತ ಮಂಡೆಕೋಲಿನವರು. ಪುತ್ತೂರಿನ ಉದಯಶಂಕರರ ಗೇರುಬೀಜದ ವ್ಯಾಪಾರದಲ್ಲಿ ಲೆಕ್ಕ ಬರೆಯುವ ರೈಟರ್. ಕಾರ್ಖಾನೆ ಕಟ್ಟಿಸಿದವರು ಉದಯಶಂಕರರ ತಂದೆ. ಅದು ಮುಚ್ಚಿದ ಮೇಲೆ ಮಗ ಗೇರುಬೀಜಕ್ಕೆ ಇಳಿದರು, ಹಳೆಯ ಶೆಡ್ಡುಗಳನ್ನು ಗೋದಾಮು ಮಾಡಿಕೊಂಡರು, ಬಂಗ್ಲೆಯನ್ನು ನಮಗೆ ಕೊಟ್ಟರು. ಕೆಲಸ ಇರುವವರೆಗೆ ಮನೆ. ಈ ಮಾತನ್ನು ನನ್ನ ಗಂಡ ಮದುವೆಯಾದ ವಾರದಲ್ಲೇ ನನಗೆ ಹೇಳಿಟ್ಟಿದ್ದರು.

ಸೀತಕ್ಕ ನನಗಿಂತ ಮೂವತ್ತು ವರ್ಷವಾದರೂ ದೊಡ್ಡವಳು. ಆದರೆ ಬಂಗ್ಲೆಯಲ್ಲಿ ಇರುವವಳೆಂಬ ಕಾರಣಕ್ಕೆ ನಾನೂ ಅವಳಿಗೆ ಅಕ್ಕ. "ಅಕ್ಕ ಅನ್ನಬೇಡಿ, ನಾಚಿಕೆಯಾಗುತ್ತೆ" ಎಂದರೆ, "ಮತ್ತೆಂತ ಹೇಳುದು, ಮಗಳೇ ಅಂದ್ರೆ ಸಂಬಳ ಕೊಡುದು ಯಾರು?" ಎಂದು ಹೇಳಿ ತಾನೇ ನಗುತ್ತಿದ್ದಳು. ನಾನು ಅವಳಿಗೆ ಸಂಬಳ ಕೊಟ್ಟದ್ದೇ ಇಲ್ಲ. ಬಾಣಂತನದಲ್ಲಿ ಬಂದವಳು ಹಾಗೇ ಬರುತ್ತಾ ಉಳಿದಳು.

ಅವಳು ಹುಟ್ಟಿದ್ದು ಆಲೆಟ್ಟಿಯಲ್ಲಿ. ಹುಡುಗಿಯಾಗಿದ್ದಾಗಲೇ ಚಿಕ್ಕಮ್ಮನ ಜೊತೆ ಕಬಕಕ್ಕೆ ಬಂದು ಕಾರ್ಖಾನೆ ಸೇರಿದಳು. ಮೊದಲು ಹಸಿ ಹಂಚನ್ನು ತಲೆಯಲ್ಲಿ ಹೊತ್ತು ಒಣಗುವ ಅಟ್ಟಕ್ಕೆ ಸಾಗಿಸುವ ಕೆಲಸ. ಆಮೇಲೆ ಅಂಚು ಕೆತ್ತುವುದು. ಕೊನೆಗೆ ನೆಲದ ಹಂಚಿಗೆ ಅಚ್ಚು ಒತ್ತುವ ಕೆಲಸ ಸಿಕ್ಕಿತು. ಆ ಕಾರ್ಖಾನೆಯ ಗುರುತು ಗರಿ ಬಿಚ್ಚಿದ ನವಿಲು, ಕೆಳಗೆ ಕಾರ್ಖಾನೆಯ ಹೆಸರು. ಹಸಿ ಹಂಚಿನ ಹಿಂಬದಿಗೆ ಹಿತ್ತಾಳೆಯ ಅಚ್ಚಿಟ್ಟು ಅಂಗೈಯಿಂದ ಒಮ್ಮೆ ಒತ್ತಬೇಕು. ಜಾಸ್ತಿ ಒತ್ತಿದರೆ ಹಂಚು ಸೊಟ್ಟ, ಕಡಿಮೆಯಾದರೆ ನವಿಲಿಗೆ ಕಾಲಿಲ್ಲ. ಹಾಗೆ ಒತ್ತಿ ಒತ್ತಿ ಅವಳ ಬಲ ಅಂಗೈಯ ನಡುವೆ ಒಂದು ಗಟ್ಟಿ ಜಡ್ಡು. ಅಮ್ಮು ಕೂಸಾಗಿದ್ದಾಗ ಆ ಜಡ್ಡನ್ನು ಬೆರಳಿನಿಂದ ಕೆರೆಯುತ್ತಾ ನಿದ್ದೆ ಹೋಗುತ್ತಿದ್ದಳು.

ಅವಳ ಗಂಡ ಬೋಜ ಹಂಚು ಸುಡುವ ಭಟ್ಟಿಗೆ ಬೆಂಕಿ ಹಾಕುತ್ತಿದ್ದ. ಹೊಗೆ ಕುಡಿದು ಕುಡಿದು ಎದೆರೋಗ ಬಂದು ಹೋದ. ಮಕ್ಕಳಾಗಲಿಲ್ಲ. ಆದರೆ ಅಚ್ಚಿನ ಶೆಡ್ಡಿಗೆ ಒಂದು ಮಗು ದಿನಾ ಬರುತ್ತಿತ್ತಂತೆ. ಧಣಿಗಳ ಮಗ ಉದಯಶಂಕರ. ಬಂಗ್ಲೆಯ ಜಗಲಿಯಲ್ಲಿ ಕೂರಿಸಿದರೆ ತಪ್ಪಿಸಿಕೊಂಡು ಓಡಿಬರುವುದು, ಸೀತಕ್ಕನ ಪಕ್ಕದಲ್ಲಿ ಕುಳಿತು ಮಣ್ಣಿಗೆ ಹಠ ಮಾಡುವುದು. ಅವಳು ಒಂದು ಉಂಡೆ ಮಣ್ಣು ಕೊಟ್ಟು, ಪುಟ್ಟ ಕೈಯ ಮೇಲೆ ತನ್ನ ಕೈಯಿಟ್ಟು ಅಚ್ಚು ಒತ್ತಿಸುತ್ತಿದ್ದಳು. ಆ ಬಿಲ್ಲೆಗಳನ್ನು ಬೋಜ ಹಂಚುಗಳ ಸಂದಿನಲ್ಲಿಟ್ಟು ಸುಟ್ಟು ಕೊಡುತ್ತಿದ್ದ. "ನನ್ನ ಕೈಯ ಅಡಿಯಲ್ಲಿ ನವಿಲು ಮಾಡಿದವ ಅವ" ಎಂದು ಸೀತಕ್ಕ ಹೇಳುವಾಗ ಅವಳ ಮುಖ ನೋಡಬೇಕಿತ್ತು. ನನಗೆ ಒಂದೊಂದು ಸಲ ಹೊಟ್ಟೆಕಿಚ್ಚೇ ಆಗುತ್ತಿತ್ತು, ನನ್ನ ಅಮ್ಮುವಿನ ಬಗ್ಗೆಯೂ ಹೀಗೆ ಹೇಳುತ್ತಾಳೋ ಇಲ್ಲವೋ ಎಂದು.

ತುರ್ತು ಪರಿಸ್ಥಿತಿ ಮುಗಿದ ವರ್ಷ ಒಂದು ಸೋಮವಾರ ಕಾರ್ಖಾನೆಯ ಗಂಟೆ ಹೊಡೆಯಲಿಲ್ಲ. ಮತ್ತೆ ಹೊಡೆಯಲೂ ಇಲ್ಲ. ಸಾಲಿನ ಹೆಂಗಸರೆಲ್ಲ ಬೀಡಿಯ ಮೊರ ಹಿಡಿದರು. ಓಣಿ ಯಾರಿಗೂ ಬೇಡದ್ದಾಯಿತು. ನಾನು ಬಂದಾಗ ಅದು ರಸ್ತೆಯೇ ಆಗಿರಲಿಲ್ಲ, ಜೇಡಿಮಣ್ಣಿನ ಒಂದು ಉದ್ದ ಗುಂಡಿ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಎಂಬತ್ತಮೂರರ ಆಗಸ್ಟಿನಲ್ಲಿ ಅಮ್ಮು ಹುಟ್ಟಿದಳು. ಹಸಿ ಕೂಸಿಗೆ ಜ್ವರ ಏರಿದಾಗ ಬಾಡಿಗೆ ಜೀಪು ಓಣಿಯ ಬಾಯಲ್ಲೇ ಹೂತುಹೋಯಿತು. ಸಾಲಿನ ದುಗ್ಗಪ್ಪಣ್ಣ ಮಗುವನ್ನು ಎದೆಗೆ ಅವಚಿ, ಮೇಲೆ ಮಳೆಗೆ ಓಲೆಯ ಗೊರಬೆ ಹೊದ್ದು, ಮೊಣಕಾಲು ಕೆಸರಿನಲ್ಲಿ ಜಂಕ್ಷನ್ನಿನವರೆಗೆ ನಡೆದ. ನಾನು ಹಿಂದೆ ಹಿಂದೆ ಬೀಳುತ್ತಾ ಏಳುತ್ತಾ ಹೋದೆ. ಆ ಕೆಸರು ನನಗೆ ಮರೆಯುವಂಥದ್ದಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ.

ಮರುವರ್ಷದ ಬೇಸಗೆಯಲ್ಲಿ ಸೀತಕ್ಕ ಒಂದು ಮಾತು ತೆಗೆದಳು. ಶೆಡ್ಡಿನ ಹಿಂದೆ ನೆಲದ ಹಂಚು ರಾಶಿ ಬಿದ್ದಿದೆ. ಭಟ್ಟಿಯಲ್ಲಿ ಜಾಸ್ತಿ ಬೆಂದು ಕಪ್ಪಾದವು, ಮೂಲೆ ಮುರಿದವು, ಮಾರಾಟವಾಗದೆ ಉಳಿದವು. ಮಣ್ಣಿನ ಕೊಳವೆಗಳೂ ಇವೆ. ಅವನ್ನು ಓಣಿಗೆ ಹಾಸಿದರೆ ಆಗದೇ?

"ಕಾರ್ಖಾನೆ ನಮ್ಮ ಹೊಟ್ಟೆಗೆ ಹಾಕುದು ಬಿಟ್ಟಿತು. ಕಾಲಿನ ಅಡಿಗಾದರೂ ಹಾಕಲಿ" ಎಂದಳು ಮೈಮೂನಮ್ಮ. ಅವಳು ಸಾಲಿನ ಎರಡನೆಯ ಮನೆಯವಳು. ಗಂಡ ಭಟ್ಟಿಗೆ ಸೌದೆ ತಂದು ಹಾಕುತ್ತಿದ್ದವ, ಮಗ ದುಬಾಯಿಯಲ್ಲಿ. ಅವಳ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು.

ಉದಯಶಂಕರರು ಗೋದಾಮಿಗೆ ಬಂದ ದಿನ ಇಬ್ಬರೂ ನಮ್ಮ ಜಗಲಿಯ ಕೆಳಗೆ ಬಂದು ನಿಂತರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಮಾತೆಲ್ಲ ಕೇಳುತ್ತಿತ್ತು.

"ಧಣಿಗಳೇ, ಆ ಹಿಂದಿನ ಹಂಚಿನಲ್ಲಿ ಹಾವು ಮರಿ ಹಾಕುದು ಬಿಟ್ಟರೆ ಬೇರೆ ಪ್ರಯೋಜನ ಇಲ್ಲ" ಎಂದಳು ಸೀತಕ್ಕ. "ನಮ್ಮ ಓಣಿಗೆ ಕೊಡ್ತೀರಾ?"

"ಅದನ್ನೂ ನನ್ನ ಹತ್ರ ಕೇಳುದಾ ಸೀತು? ನೀನೇ ಮಾಡಿದ್ದಲ್ವಾ ಅದು? ನಿಮ್ಮದೇ. ತಕೊಂಡು ಹೋಗಿ" ಎಂದರು ಉದಯಶಂಕರರು. "ಆ ಗಂಟೆ ಉಂಟಲ್ಲ, ಅದನ್ನೂ ತಕೊಳ್ಳಿ. ತುಕ್ಕು ಹಿಡೀತಾ ಉಂಟು."

"ಒಂದು ಚೀಟಿ ಬರೆದು ಕೊಟ್ಟರೆ ಒಳ್ಳೇದಿತ್ತು ಧಣಿಗಳೇ" ಎಂದಳು ಮೈಮೂನಮ್ಮ. "ನಾಳೆ ಕದ್ದದ್ದು ಹೇಳಿ ಯಾರಾದರೂ..."

ಸೀತಕ್ಕ ಅವಳ ಸೆರಗು ಹಿಡಿದು ಎಳೆದಳು. "ನಾಚಿಕೆ ಉಂಟಾ ಮೈಮೂನ ನಿನಗೆ? ನಾನು ಎತ್ತಿ ಆಡಿಸಿದ ಮಗು ಅದು. ಅವನ ಹತ್ರ ಚೀಟಿಯಾ?"

ಉದಯಶಂಕರರು ನಕ್ಕರು. ಚೀಟಿಯ ಮಾತು ಅಲ್ಲಿಗೇ ನಿಂತಿತು.

ಹಾಸುವ ಕೆಲಸಕ್ಕೆ ದುಗ್ಗಪ್ಪಣ್ಣನೇ ಮೇಸ್ತ್ರಿ. ಗಂಡಸರು ನೆಲ ಸಮ ಮಾಡಿ ಹೊಯಿಗೆ, ಅಂದರೆ ಮರಳು, ಹರಡಿದರು. ಹೆಂಗಸರು ಮೊದಲಿನ ಹಾಗೆಯೇ ತಲೆಯಲ್ಲಿ ಹಂಚು ಹೊತ್ತು ತಂದರು. ಬದಿಗೆ ಕೊಳವೆ ಹುಗಿದು ಮಳೆನೀರಿಗೆ ದಾರಿ ಮಾಡಿದರು. ಬೀಡಿ ಕೊಟ್ಟು ಬಂದ ಮೇಲಿನ ಸಂಜೆಗಳಲ್ಲಿ, ಭಾನುವಾರಗಳಲ್ಲಿ ಕೆಲಸ. ನಾನು ಅಮ್ಮುವನ್ನು ಸೊಂಟದಲ್ಲಿ ಕೂರಿಸಿಕೊಂಡು ಜಗಲಿಯಲ್ಲಿ ನಿಂತು, ಧೂಳು ಮಗುವಿನ ಮೂಗಿಗೆ ಹೋದೀತು ಎಂದು ಸೆರಗು ಮುಚ್ಚುತ್ತಾ, ಆದರೂ ಒಳಗೆ ಹೋಗಲು ಮನಸ್ಸಾಗದೆ ನೋಡುತ್ತಿದ್ದೆ.

ಮೊದಲ ಸಾಲು ಹಾಸುವಾಗಲೇ ಜಗಳ. ನೆಲದ ಹಂಚಿನ ನುಣುಪಾದ ಮೈ ಮೇಲೆ ಬರಬೇಕು, ಗುರುತಿರುವ ಹಿಂಬದಿ ಅಡಿಗೆ ಹೋಗಬೇಕು. ಎಲ್ಲ ಮನೆಗಳಲ್ಲೂ ಹಾಗೆಯೇ ಇರುವುದು. ಸೀತಕ್ಕ ಮಾತ್ರ ಹಂಚನ್ನು ಮಗುಚಿ, ನವಿಲನ್ನು ಮೇಲೆ ಮಾಡಿ ಇಟ್ಟಳು.

"ಎಂತ ಸೀತು, ಮಂಡೆ ಸಮ ಇಲ್ವಾ ನಿನಗೆ?" ಎಂದ ದುಗ್ಗಪ್ಪಣ್ಣ. "ಮಾರ್ಕು ಮೇಲೆ ಹಾಕುದುಂಟಾ? ಯಾವ ಮೇಸ್ತ್ರಿ ನೋಡಿದರೂ ಉಗೀತಾನೆ."

"ಉಗಿಯಲಿ. ನನ್ನ ಆಯುಷ್ಯ ಇಡೀ ನವಿಲು ಒತ್ತಿದ್ದೇನೆ ದುಗ್ಗಪ್ಪ. ಎಲ್ಲ ಮಣ್ಣಿನ ಅಡಿಗೆ ಹೋಯ್ತು. ಊರೂರಿನ ಮನೆಯಲ್ಲಿ ನನ್ನ ನವಿಲು ಉಂಟು, ಒಂದನ್ನೂ ಒಬ್ಬನೂ ನೋಡ್ಲಿಲ್ಲ. ಈ ಓಣಿಯಲ್ಲಾದರೂ ಬೆಳಕು ಕಾಣಲಿ."

"ಕಾಲು ಜಾರಿದರೆ?"

"ಜಾರುದು ನುಣ್ಣನೆ ಮೈಯಲ್ಲಿ ಮಾರಾಯ. ನವಿಲಿನ ಗರಿಗೆ ಕಾಲು ಹಿಡೀತದೆ."

ಮೈಮೂನಮ್ಮ ತಲೆಯ ಮೇಲಿನ ಹಂಚು ಇಳಿಸುತ್ತಾ, "ಹಾಕು ದುಗ್ಗಪ್ಪ, ಅವಳು ಹೇಳಿದ ಹಾಗೆ ಹಾಕು. ಇಲ್ಲದಿದ್ದರೆ ರಾತ್ರಿ ಎದ್ದು ಬಂದು ಒಂದೊಂದೇ ಮಗುಚ್ತಾಳೆ. ನನಗೆ ನಿದ್ರೆ ಇಲ್ಲ ಮತ್ತೆ" ಎಂದಳು. ಎಲ್ಲರೂ ನಕ್ಕರು. ದುಗ್ಗಪ್ಪಣ್ಣ ಸೋತ. ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನವಿಲುಗಳು ಮೇಲ್ಮುಖವಾಗಿ ಮಲಗಿದವು.

ಮಳೆ ಹಿಡಿಯುವ ಮೊದಲು ಮುಗಿಯಿತು. ಗಂಟೆಯನ್ನು ಓಣಿಯ ಬಾಯಲ್ಲಿ ಎರಡು ಕಂಬ ನೆಟ್ಟು ತೂಗುಹಾಕಿದರು. ಪಂಚಾಯತಿನ ನಳ್ಳಿಯಲ್ಲಿ ನೀರು ಬಂದಾಗ ಮೈಮೂನಮ್ಮ ಅದನ್ನು ಹೊಡೆಯುವುದು, ಕೊಡಪಾನಗಳೆಲ್ಲ ಓಡಿಬರುವುದು. ಉದಯಶಂಕರರನ್ನು ಕರೆದು ಪಾಯಸ ಮಾಡಿದರು. ಅವರು ಓಣಿಯಲ್ಲಿ ನಡೆದು ಹೋಗಿ ಬಂದು, "ಸೀತಕ್ಕ ನಮ್ಮ ಕಾರ್ಖಾನೆಯ ಮರ್ಯಾದೆ ಉಳಿಸಿದಳು" ಎಂದರು. ಅಲ್ಲಿಯವರೆಗೆ ಬರೀ ಸೀತು ಎನ್ನುತ್ತಿದ್ದವರು ಅಂದು ಅಕ್ಕ ಎಂದದ್ದನ್ನು ಸೀತಕ್ಕ ನನಗೆ ಎಷ್ಟು ಸಲ ಹೇಳಿದಳೋ. "ಸಭೆಯಲ್ಲಿ ಅಕ್ಕ ಅಂದ ಅವ. ನೀವು ಕೇಳಿದ್ರಲ್ಲ?" ಕೇಳಿದ್ದೆ. ನನ್ನ ಗಂಡನೂ ಪಕ್ಕದಲ್ಲೇ ನಿಂತು, ಪಾಯಸದ ಲೋಟ ಹಿಡಿದು ಕೇಳಿದ್ದರು.

ಆ ಓಣಿಯಲ್ಲೇ ಅಮ್ಮು ನಡೆಯಲು ಕಲಿತದ್ದು. ಸೀತಕ್ಕ ಆಚೆಗೆ ಕುಳಿತು ಕೈಚಾಚಿ "ಬಾ, ಇನ್ನೊಂದು ನವಿಲು, ಇನ್ನೊಂದು ನವಿಲು" ಎಂದು ಕರೆಯುತ್ತಿದ್ದಳು. ಮಗು ನವಿಲಿನಿಂದ ನವಿಲಿಗೆ ಹೆಜ್ಜೆಯಿಟ್ಟು ಅವಳ ಮಡಿಲಿಗೆ ಬೀಳುತ್ತಿತ್ತು.

ಎಂಬತ್ತೈದರಲ್ಲಿ ಒಂದು ಬೆಳಗ್ಗೆ ಗೋದಾಮಿನ ಆಳುಗಳು ಬಂದು ಗಂಟೆಯನ್ನು ಇಳಿಸಿಕೊಂಡು ಹೋದರು. "ರಿಪೇರಿಗೆ" ಎಂದರು. "ಗಂಟೆಗೆ ಎಂತ ರಿಪೇರಿ? ನಾಲಿಗೆಗೆ ಜ್ವರ ಬಂತಾ?" ಎಂದು ಮೈಮೂನಮ್ಮ ಕೂಗಾಡಿದಳು. ಸೀತಕ್ಕ ಮಾತ್ರ, "ಅವನದ್ದೇ ಗಂಟೆ, ತರ್ತಾನೆ" ಎಂದಳು. ಗಂಟೆ ಬರಲಿಲ್ಲ. ಬಂದದ್ದು ಕೋರ್ಟಿನ ನೋಟೀಸು.

ಉದಯಶಂಕರರಿಗೆ ಇಡೀ ಜಾಗವನ್ನು ಹೊರಗಿನ ಯಾರಿಗೋ ಕೊಡಲಿಕ್ಕಿತ್ತು. ಅದಕ್ಕೆ ಸಾಲುಮನೆಗಳು ಅಡ್ಡ. ಓಣಿ ಪಂಚಾಯತಿನ ರಸ್ತೆ, ಅದರ ಬದಿಯ ಮನೆಗಳಲ್ಲಿ ನಾವು ಮೊದಲಿನಿಂದ ಇದ್ದವರು, ನಮಗೆ ಹಕ್ಕು ಬೇಕು ಎಂದು ಸಾಲಿನವರು ಅರ್ಜಿ ಕೊಟ್ಟಿದ್ದರು. ಉದಯಶಂಕರರು ಹೇಳಿದ್ದು, ಅದು ರಸ್ತೆಯೇ ಅಲ್ಲ, ಕಾರ್ಖಾನೆಯ ಅಂಗಳ. ಕಾರ್ಖಾನೆ ನಡೆಯುವಾಗಲೇ ತಂದೆಯವರು ಗಾಡಿ ಓಡಾಡಲು ಹಾಸಿಸಿದ್ದು. ಬೇಕಾದರೆ ನೋಡಿ, ಒಂದೊಂದು ಹಂಚಿನ ಮೇಲೂ ನಮ್ಮ ಹೆಸರು, ನಮ್ಮ ನವಿಲು. ಅಂಗಳ ನಮ್ಮದಾದರೆ ಅದರೊಳಗಿನ ಮನೆಗಳೂ ನಮ್ಮವು. ಖಾಲಿ ಮಾಡಲಿ.

ಸೀತಕ್ಕ ನಂಬಲಿಲ್ಲ. "ವಕೀಲರು ಬರೆದದ್ದು ಅದು. ಅವನಿಗೆ ಗೊತ್ತಿರಲಿಕ್ಕಿಲ್ಲ. ನಾನು ಎದುರು ನಿಂತರೆ ಸಾಕು" ಎಂದು ಒಗೆದ ಸೀರೆ ಉಟ್ಟು ದುಗ್ಗಪ್ಪಣ್ಣನ ಜೊತೆ ಪುತ್ತೂರಿನ ಕೋರ್ಟಿಗೆ ಹೋದಳು. ಸಂಜೆ ಮರಳಿದ ಮೇಲೆ ಏನಾಯಿತೆಂದು ನನಗೆ ಹೇಳಿದವನು ದುಗ್ಗಪ್ಪಣ್ಣ. ಸಾಲಿನವರ ವಕೀಲರು ತೀರ್ಥರಾಮರು ಉದಯಶಂಕರರನ್ನು ಕೇಳಿದರಂತೆ, ಹಂಚು ತೆಗೆದುಕೊಂಡು ಹೋಗಿ ಎಂದು ನೀವು ಸೀತುವಿಗೆ ಹೇಳಿದ್ದು ಹೌದೋ ಅಲ್ಲವೋ ಎಂದು.

"ಅದಕ್ಕೆ ಅವರು ಸೀತುವನ್ನು ನೋಡಿದ್ರು ಅಕ್ಕ. ಸರಿಯಾಗಿ ನೋಡಿದ್ರು. ನೋಡಿ, 'ಕಾರ್ಖಾನೆಯಲ್ಲಿ ತುಂಬ ಹೆಂಗಸರು ಇದ್ರು, ಈ ಹೆಂಗಸಿನ ಗುರ್ತ ನನಗಿಲ್ಲ' ಅಂದ್ರು."

"ಸೀತಕ್ಕ ಏನಂದರು?"

"ಎಂತ ಹೇಳುದು? ಕೈ ನೋಡ್ತಾ ಕೂತಳು. ಬಸ್ಸಿನಲ್ಲೂ ಅದನ್ನೇ ನೋಡ್ತಾ ಇದ್ಲು. ಅಂಗೈ."

ಮುಂದಿನ ಭಾನುವಾರ ತೀರ್ಥರಾಮ ವಕೀಲರು ಓಣಿಗೆ ಬಂದರು. ನಮ್ಮ ಕಿಟಕಿಗೆ ಕೇಳುವಷ್ಟು ಹತ್ತಿರದಲ್ಲೇ ನಿಂತು ಹೇಳಿದರು, "ಹಂಚು ಹಾಸಿದ್ದು ಮೊನ್ನೆ ಮೊನ್ನೆ, ಹಾಸಿದ್ದು ನೀವು ಅಂತ ಗೊತ್ತಾದರೆ ಅವರ ಕೇಸು ಅಲ್ಲಿಗೇ ಬೀಳ್ತದೆ. ಆದರೆ ಸಾಲಿನವರು ಹೇಳಿದರೆ ನಿಮ್ಮ ಲಾಭಕ್ಕೆ ಹೇಳುದು ಅಂತಾರೆ. ಕಣ್ಣಾರೆ ಕಂಡ ಹೊರಗಿನವರು ಒಬ್ಬರು ಬೇಕು." ಯಾರೂ ನಮ್ಮ ಕಿಟಕಿಯ ಕಡೆ ನೋಡಲಿಲ್ಲ. ನೋಡದಿದ್ದದ್ದೇ ನನಗೆ ಮುಳ್ಳಾಯಿತು.

ಆ ಹೊರಗಿನ ಒಬ್ಬರು ನಮ್ಮ ಮನೆಯಲ್ಲೇ ಸಿಕ್ಕಿದರು, ಆದರೆ ಇನ್ನೊಂದು ಕಡೆಗೆ. ಊಟಕ್ಕೆ ಕುಳಿತ ನನ್ನ ಗಂಡ ಸಾರು ಕಲಸುತ್ತಾ, "ಕೋರ್ಟಿಗೆ ಒಂದು ದಿನ ಹೋಗಲಿಕ್ಕುಂಟು. ನಾವು ಈ ಮನೆಗೆ ಬರುವಾಗಲೇ ಹಂಚು ಹಾಸಿತ್ತು ಅಂತ ಒಂದು ಮಾತು ಹೇಳಿದರೆ ಆಯ್ತು" ಎಂದರು.

"ಹಾಸಿತ್ತೇ? ನಾವು ಬಂದಾಗ ಕೆಸರಿತ್ತಲ್ಲ!"

"ಇತ್ತೋ ಇಲ್ವೋ, ನಿನಗೆ ಸರಿ ನೆನಪಿರಲಿಕ್ಕಿಲ್ಲ."

"ಅಮ್ಮುವಿಗೆ ಜ್ವರ ಬಂದಾಗ ಜೀಪು ಹೂತದ್ದು? ದುಗ್ಗಪ್ಪಣ್ಣ ಹೊತ್ತುಕೊಂಡು ಹೋದದ್ದು? ನೀವೇ ಪಾಯಸ ಕುಡಿದದ್ದು?"

"ಬಾಣಂತಿಯರಿಗೆ ನೆನಪು ಹೆಚ್ಚುಕಡಿಮೆ ಆಗ್ತದೆ. ನಿನಗೆ ಎಲ್ಲದಕ್ಕೂ ಹೆದರಿಕೆ ಬೇರೆ" ಎಂದರು. ದನಿ ಮೆತ್ತಗೇ ಇತ್ತು, ಮಗುವಿಗೆ ಔಷಧಿ ಕುಡಿಸುವಾಗಿನ ಹಾಗೆ. "ಸುಮ್ಮನೆ ಇರು ಮಾರಾಯ್ತಿ. ಧಣಿಗಳು ಕೇಳಿದ್ದಾರೆ. ಇಲ್ಲ ಅಂದ್ರೆ ಈ ಮಗುವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುದು? ಮಂಡೆಕೋಲಿನಲ್ಲಿ ಅಣ್ಣಂದಿರ ಅಡಿಗೆಮನೆಯಲ್ಲಿ ನೀನು ಒಂದು ವಾರ ನಿಲ್ತೀಯಾ?"

ನನ್ನ ಹೆದರಿಕೆಗಳನ್ನೆಲ್ಲ ನಾನು ಇವರೊಬ್ಬರಿಗೇ ಹೇಳಿಕೊಳ್ಳುತ್ತಿದ್ದದ್ದು. ಮಗು ಕೆಮ್ಮಿದರೆ, ಹಾಲು ಕಕ್ಕಿದರೆ, ಬೆಕ್ಕು ತೊಟ್ಟಿಲ ಹತ್ತಿರ ಬಂದರೆ ಹೇಳಿದ್ದನ್ನೆಲ್ಲ ಕೂಡಿಟ್ಟುಕೊಂಡು ಆ ರಾತ್ರಿ ನನ್ನ ಎದುರಿಗೇ ಸಾಕ್ಷಿಯಾಗಿ ಇಟ್ಟರು. ಸೀತಕ್ಕನಿಗೆ ಉದಯಶಂಕರರು ಮಾಡಿದ್ದು ಏನೆಂದು ಆಗ ನನಗೆ ಅರ್ಥವಾಯಿತು. ಗುರುತಿಲ್ಲ ಎನ್ನುವುದೂ ನೆನಪಿಲ್ಲ ಎನ್ನುವುದೂ ಒಂದೇ ಊಟದ ಎರಡು ತುತ್ತು.

ಸುದ್ದಿ ಸಾಲಿಗೆ ಮುಟ್ಟಲು ಎಷ್ಟು ಹೊತ್ತು? ಮಾರನೆಯ ಬೆಳಗ್ಗೆ ಸೀತಕ್ಕ ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

"ಅಕ್ಕಾ, ಅವರು ಹಾಗೆ ಹೇಳ್ತಾರಂತೆ. ಹೌದಾ?"

ನಾನು ಉಕ್ಕುತ್ತಿದ್ದ ಹಾಲನ್ನು ನೋಡುತ್ತಾ ನಿಂತೆ. ಅದು ಉಕ್ಕಿ ಒಲೆ ಆರಿತು.

"ಆಯ್ತು. ಹೇಳುದು ಬೇಡ" ಎಂದಳು ಅವಳು. "ಬಿರುಕು ಬಿಟ್ಟ ಹಂಚನ್ನು ಬಡಿದು ನೋಡ್ಬೇಕಂತ ಇಲ್ಲ. ಕೆಲವು ಸಲ ಮುಟ್ಟುವ ಮೊದಲೇ ಗೊತ್ತಾಗ್ತದೆ." ಅಮ್ಮು ಒಳಗಿನಿಂದ "ಸೀತಾ" ಎಂದು ಕೂಗಿದಾಗಲೂ ತಿರುಗಲಿಲ್ಲ. ಅಂದಿನಿಂದ ಅವಳು ಬರಲಿಲ್ಲ. ಅಮ್ಮು ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕುಳಿತು ಕಾಯುವುದನ್ನು ಕಲಿತಳು.

ಹಾಗೆ ತಿಂಗಳು ಕಳೆದು, ನಾನು ಮೊದಲು ಹೇಳಿದ ಆ ಬೆಳಗು ಬಂತು. ಗೋದಾಮಿನ ಇಬ್ಬರು ಹಾರೆ ಹಿಡಿದು ಬಂದು, ನಮ್ಮ ಮೆಟ್ಟಿಲ ಎದುರಿಗೇ ಹಂಚು ಕಿತ್ತರು. ಮೊದಲನೆಯದು ಒಡೆಯಿತು. ಎರಡನೆಯದು ಇಡಿಯಾಗಿ ಬಂತು. ನವಿಲು ಚೆನ್ನಾಗಿ ಕಾಣುವ ಆ ಹಂಚನ್ನು ಗೋಣಿಯಲ್ಲಿ ಸುತ್ತಿಕೊಂಡರು. ಕೋರ್ಟಿನಲ್ಲಿ ತೋರಿಸಲಿಕ್ಕಂತೆ. ನನ್ನ ಗಂಡ ಅವರ ಜೊತೆಗೇ ಪುತ್ತೂರಿಗೆ ಹೋದರು, ವಕೀಲರು ಏನು ಹೇಳಬೇಕೆಂದು ಹೇಳಿಕೊಡಲು ಕರೆದಿದ್ದರು. ಒಡೆದ ಚೂರುಗಳು ಮೆಟ್ಟಿಲ ಬುಡದಲ್ಲೇ ಬಿದ್ದಿದ್ದವು. ನಾನು ಒಲೆಯ ಕಡೆ ತಿರುಗಿದ ಗಳಿಗೆಯಲ್ಲಿ ಅಮ್ಮು ಅವನ್ನು ಕಂಡಳು.

ಮಧ್ಯಾಹ್ನ ಮಗುವನ್ನು ಮಲಗಿಸಿ, ನಾನೇ ಅವಳ ಹೊಟ್ಟೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಟೊಕ್ ಟೊಕ್. ಸದ್ದೇನೋ ಬಂತು. ಅದು ಒಳ್ಳೆಯ ಸದ್ದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಆಗ ಹೊರಗಿನಿಂದ ಇನ್ನೊಂದು ಸದ್ದು ಕೇಳಿಸಿತು, ಹಂಚಿನ ಚೂರುಗಳನ್ನು ಗುಡಿಸುವ ಸದ್ದು.

ಕಿಟಕಿಯಿಂದ ನೋಡಿದೆ. ನಮ್ಮ ಮೆಟ್ಟಿಲ ಎದುರು ಸೀತಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಮನೆಯ ಕಡೆ ಬೆನ್ನು. ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿದಳು. ಪುಡಿಯನ್ನೂ ಬಿಡದೆ ಅಂಗೈಯಲ್ಲಿ ಬಾಚಿದಳು. ಯಾರು ಆ ಮೆಟ್ಟಿಲಿನಿಂದ ಇಳಿದು ಮಣ್ಣು ಬಾಯಿಗೆ ಹಾಕುತ್ತಾಳೆಂದು ಅವಳಿಗೆ ಗೊತ್ತಿತ್ತು. ಕಿತ್ತ ಜಾಗದಲ್ಲಿ ಹೊಯಿಗೆ ತುಂಬಿ ಸಮ ಮಾಡಿದಳು. ಜೊತೆಗೆ ತಂದಿದ್ದ ಎರಡು ಹಂಚುಗಳಲ್ಲಿ ಒಂದನ್ನು ಎತ್ತಿ, ಗೆಣ್ಣಿನಿಂದ ಬಡಿದು, ಕಿವಿಗೊಟ್ಟಳು. ನವಿಲನ್ನು ಒಂದು ಸಲ ಸೆರಗಿನಿಂದ ಒರೆಸಿದಳು.

ಆಮೇಲೆ ಅದನ್ನು ಮಗುಚಿ, ನವಿಲು ಮಣ್ಣಿಗೆ ಮುಖ ಮಾಡುವ ಹಾಗೆ ಹಾಸಿದಳು. ಇನ್ನೊಂದನ್ನೂ ಹಾಗೆಯೇ. ಕೈ ಝಾಡಿಸಿ, ಬುಟ್ಟಿ ಎತ್ತಿಕೊಂಡು ಎದ್ದುಹೋದಳು.

ಇಡೀ ಓಣಿಯ ನವಿಲುಗಳ ನಡುವೆ ಆ ಎರಡು ಬೋಳು ಹಂಚುಗಳು ಕಣ್ಣು ಕಿತ್ತ ಮುಖದ ಹಾಗೆ ಕಾಣುತ್ತಿದ್ದವು. ನಾನು ಎಷ್ಟು ಹೊತ್ತು ನಿಂತಿದ್ದೆನೋ. ನೋಡುತ್ತಾ ನೋಡುತ್ತಾ ಅಲ್ಲಿಯವರೆಗೆ ಹೊಳೆಯದಿದ್ದ ಒಂದು ಮಾತು ಹೊಳೆಯಿತು. ಕಾರ್ಖಾನೆಯವರು ಹಾಸಿಸಿದ್ದಾದರೆ ಓಣಿಯ ಎಲ್ಲ ಹಂಚುಗಳೂ ಈ ಎರಡರ ಹಾಗೆ ಇರುತ್ತಿದ್ದವು. ಯಾವ ಮೇಸ್ತ್ರಿಯೂ ಮಾರ್ಕು ಮೇಲೆ ಹಾಕುವುದಿಲ್ಲ. ಹಾಕಲು ಒಬ್ಬಳಿಗೆ ಮಾತ್ರ ಕಾರಣವಿತ್ತು. ಆ ಕಾರಣವನ್ನು ಅವಳು ಗಟ್ಟಿಯಾಗಿ ಹೇಳಿದ್ದನ್ನು ನಾನು ಈ ಜಗಲಿಯಲ್ಲಿ, ಅಮ್ಮುವಿನ ಮೂಗಿಗೆ ಸೆರಗು ಮುಚ್ಚಿ ನಿಂತು ಕೇಳಿದ್ದೆ. ನನ್ನ ನೆನಪು ಹೆಚ್ಚುಕಡಿಮೆ ಆಗಿರಲಿಲ್ಲ.

ನಮ್ಮ ಪಡಸಾಲೆಯಲ್ಲಿ ಒಂದು ಕಪ್ಪು ಫೋನು ಇತ್ತು. ಧಣಿಗಳು ವ್ಯಾಪಾರಕ್ಕೆಂದು ಹಾಕಿಸಿಕೊಟ್ಟದ್ದು. ಅಮ್ಮನಿಗೆ ಮೈಸೂರಿಗೆ ಮಾತಾಡಬೇಕೆಂದು ಅತ್ತರೂ ನನ್ನ ಗಂಡ ಅದನ್ನು ಮುಟ್ಟಲು ಬಿಟ್ಟವರಲ್ಲ. ಅದರ ಮುಂದೆ ಕುಳಿತೆ. ಎದ್ದೆ. ಮಗು ಉಸಿರಾಡುತ್ತಿದೆಯೇ ನೋಡಿ ಬಂದೆ. ಅಣ್ಣಂದಿರ ಅಡಿಗೆಮನೆ ನೆನಪಾಯಿತು. ಬಾಡಿಗೆ ಮನೆ, ಕೆಲಸವಿಲ್ಲದ ಗಂಡ, ಮೆಡಿಕಲ್ಲಿನಲ್ಲಿ ಸಾಲ ಕೇಳುವುದು, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಮತ್ತೆ ಕುಳಿತೆ. ರಿಸೀವರ್ ಎತ್ತಿದೆ.

"ಹಲೋ, ಎಕ್ಸ್‌ಚೇಂಜ್" ಎಂಬ ಹೆಣ್ಣುದನಿ ಬಂತು. ಅವಳು ಪಂಕಜಾಕ್ಷಿ. ಈ ನಂಬರಿನಿಂದ ಕರೆ ಹೋಗುವುದು ಒಂದೇ ಕಡೆಗೆ ಎಂದು ಅವಳಿಗೆ ರೂಢಿ. "ಧಣಿಗಳ ಆಫೀಸಿಗಲ್ವಾ? ಕೊಡ್ತೇನೆ."

"ಬೇಡ, ಬೇ... ಬೇಡ. ತೀರ್ಥರಾಮ ವಕೀಲರ ಮನೆಗೆ ಕೊಡಿ."

"ತೀರ್ಥರಾಮ ಅಂದ್ರೆ... ಸಾಲಿನವರ ವಕೀಲರಲ್ವಾ ಅಕ್ಕ? ನಂಬರು ತಪ್ಪಿ ಹೇಳಿದ್ದಲ್ಲ ತಾನೆ?"

ಸಂಜೆಯೊಳಗೆ ಇದು ಪುತ್ತೂರಿಗೆಲ್ಲ ಗೊತ್ತಾಗುತ್ತದೆ ಎಂದು ನನಗೆ ಆಗಲೇ ತಿಳಿಯಿತು. ಒಳಗೆ ಅಮ್ಮು ಮಗ್ಗುಲು ಬದಲಿಸಿದಳು.

"ತಪ್ಪಿಲ್ಲ. ಅವರಿಗೇ ಕೊಡಿ."

ಗರಗರ ಸದ್ದಾಯಿತು. ಆಮೇಲೆ ಗಂಡಸಿನ ದನಿ. "ಹಲೋ, ಯಾರು ಮಾತಾಡುದು?"

ನಾನು ರಿಸೀವರನ್ನು ಬಾಯಿಗೆ ಹತ್ತಿರ ಹಿಡಿದೆ.

"ನಾನು ಕಾರ್ಖಾನೆ ಸಾಲಿನ ಬಂಗ್ಲೆಯಿಂದ, ಅಚ್ಚುತರ ಹೆಂಡತಿ. ನಾಳೆ ಕೋರ್ಟಿಗೆ ನಾನೂ ಬರುತ್ತೇನೆ, ಮಗುವನ್ನು ಎತ್ತಿಕೊಂಡು. ನಾವು ಬಂದಾಗ ಇಲ್ಲಿ ಕೆಸರಿತ್ತು. ಹಂಚು ಹಾಸಿದವರು ಯಾರು, ನವಿಲು ಯಾಕೆ ಮೇಲೆ ಬಂತು, ಎರಡೂ ನನಗೆ ಗೊತ್ತು. ನಾನು ನೋಡಿದ್ದೇನೆ."